ಅಕ್ಕ ಕೋಡಿ ಒಡೆದ ದಿನ

ನಾನು ಚಿಕ್ಕವಳಿದ್ದಾಗ (ನಗಬೇಡಿ, ನಾನೂ ಒಂದು ಕಾಲಕ್ಕೆ ಚಿಕ್ಕವಳಿದ್ದೆ!) ನಮ್ಮಪ್ಪ ಮಳೆ ಅಳೆಯುತ್ತಿದ್ದರು. ಚಿಕ್ಕರಸಿನಕೆರೆ ಊರು ದಾಟಿದರೆ ಇದೇ ನಮ್ಮೂರು. ಇಲ್ಲಿನ ಶಾಲೆಯಲ್ಲಿ ಅಪ್ಪ ಜವಾನ. ಅಂಗಳದಲ್ಲಿ ನೆಟ್ಟಿದ್ದ ಡಬ್ಬಿಯ ನೀರನ್ನು ದಿನಾ ಬೆಳಿಗ್ಗೆ ಗೀಟು ಹಾಕಿದ ಗಾಜಿನ ಕೊಳವೆಗೆ ಬಗ್ಗಿಸಿ, ಎಷ್ಟು ಮಳೆ ಬಿತ್ತೆಂದು ಬರೆಯುತ್ತಿದ್ದರು. "ಮಳೇನ ರಾಗಿ ತರ ಅಳೀತಾನಂತೆ ಕಣ್ಲಾ!" ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಎಲ್ಲರಿಗಿಂತ ಜಾಸ್ತಿ ನಕ್ಕವರು ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ.

ನಮ್ಮೂರ ಕೆರೆಗೆ ಒಂದು ಕೋಡಿ ಇತ್ತು. ಕೆರೆ ತುಂಬಿದರೆ ಹೆಚ್ಚಿನ ನೀರು ಅಲ್ಲಿಂದ ಹೊರಗೆ ಹರಿದು ಕೆರೆಯ ಮಣ್ಣಿನ ಏರಿ ಉಳಿಯಬೇಕು, ಅದಕ್ಕೇ ಅದನ್ನು ಕಟ್ಟಿದ್ದು. ಆ ವರ್ಷ ದೊಡ್ಡಪ್ಪ ಕಬ್ಬಿನ ಸೋಗೆ, ಮಣ್ಣು ತುಂಬಿಸಿ ಕೋಡಿ ಮುಚ್ಚಿಬಿಟ್ಟರು. ಬೇಸಿಗೆ ಬೆಳೆಗೂ ನೀರು ಮಿಗಲಿ ಎಂಬ ಆಸೆ. ಸಾಲದ್ದಕ್ಕೆ ಕೋಡಿ ನೀರು ಹರಿಯುವ ಹಳ್ಳದಲ್ಲೇ ಭತ್ತ ನಾಟಿ ಮಾಡಿದ್ದರು. ಏರಿಯ ಕೆಳಗೆ ನಮ್ಮ ಕೇರಿ, ಮನೆ ತುಂಬ ಮಕ್ಕಳು.

ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಖಾಲಿ ಮಾಡಿದ್ದ ಡಬ್ಬಿ ಮಧ್ಯಾಹ್ನಕ್ಕೇ ತುಂಬಿ ಚೆಲ್ಲುತ್ತಿತ್ತು. ಅಪ್ಪನ ಮುಖ ಬಿಳುಚಿಕೊಂಡಿತು.

"ನೆಲ ಒಟ್ಟೆ ತುಂಬ ಕುಡ್ದೈತೆ ಕಣವ್ವ. ಇನ್ನು ಬಿದ್ದದ್ದೆಲ್ಲ ಕೆರೆಗೇ ಬರೋದು" ಎಂದವರೇ ಹಾರೆ ಎತ್ತಿಕೊಂಡು ಓಡಿದರು. ಅಕ್ಕನೂ ನಾನೂ ಹಿಂದೆಯೇ ಓಡಿದೆವು.

ಏರಿ ಅಲ್ಲಲ್ಲಿ ಒಸರುತ್ತಿತ್ತು. ಕೆಂಪು ನೀರು ಅದರ ನೆತ್ತಿಗೆ ಬಡಿಯುತ್ತಿತ್ತು. ಕೋಡಿಯ ಮೇಲೆ ದೊಡ್ಡಪ್ಪ ಗುದ್ದಲಿ ಹಿಡಿದು ನಿಂತಿದ್ದರು.

"ಅಣ್ಣ, ದಾರಿ ಬುಡು. ಏರಿ ಒಡುದ್ರೆ ಕೇರಿನೇ ಕೊಚ್ಕೊಂಡೋಯ್ತದೆ!" ಎಂದರು ಅಪ್ಪ.

"ಮುಟ್ಟುದ್ರೆ ಸಿಗಿದಾಕ್ಬುಡ್ತೀನಿ ಕಣ್ಲಾ! ನನ್ ಭತ್ತ ಓಗ್ಲಾ?"

ಅಪ್ಪ ಕೋಡಿಯ ಮಣ್ಣಿಗೆ ಹಾರೆ ಹಾಕಿದರು. ದೊಡ್ಡಪ್ಪನ ಗುದ್ದಲಿಯ ಮರದ ಕಾವು ಅಪ್ಪನ ಕಿವಿಯ ಮೇಲೆ ಬಿತ್ತು. ರಕ್ತ ಮಳೆನೀರಿನ ಜೊತೆ ಅಂಗಿಯುದ್ದ ಇಳಿಯಿತು. ಅಪ್ಪ ದೊಡ್ಡಪ್ಪನ ಕಾಲು ತಬ್ಬಿ ಕೆಡವಿದರು. ಒಡಹುಟ್ಟಿದ ಇಬ್ಬರೂ ಕೆಸರಿನಲ್ಲಿ ಹೊರಳಾಡಿ ಗುದ್ದಾಡಿದರು, ಕಚ್ಚಾಡಿದರು. ನಾನು ಕಿರುಚುತ್ತಾ ನಿಂತಿದ್ದೆ. ಅಕ್ಕ ಮಾತ್ರ ಬಿದ್ದಿದ್ದ ಹಾರೆ ಎತ್ತಿ ಮಣ್ಣಿಗೆ ಚುಚ್ಚಿದಳು, ಮತ್ತೆ ಮತ್ತೆ ಚುಚ್ಚಿದಳು. ಮೊದಲು ಬೊಗಸೆ ನೀರು ಹೊರಟಿತು. ಆಮೇಲೆ ಸೋಗೆ, ಮಣ್ಣು, ಹಾರೆ ಎಲ್ಲ ಒಟ್ಟಿಗೇ ಕಿತ್ತುಕೊಂಡು ಹೋದವು. ಅಕ್ಕನ ಕಾಲೂ ಜಾರಿತು.

ಅವಳ ಜಡೆ ಹಿಡಿದು ದಡಕ್ಕೆ ಎಳೆದವರು ಯಾರು ಗೊತ್ತೇ? ದೊಡ್ಡಪ್ಪನೇ! ಅವಳನ್ನು ಅವುಚಿಕೊಂಡು ಕೂತು, ತಮ್ಮ ಭತ್ತ ಬೇರುಸಹಿತ ಹೋಗುವುದನ್ನು ನೋಡುತ್ತಾ ಗೊಳೋ ಎಂದು ಅತ್ತರು. ಏರಿ ಉಳಿಯಿತು. ಅಪ್ಪನ ಎಡಗಿವಿ ಮತ್ತೆಂದೂ ಕೇಳಿಸಲಿಲ್ಲ. ಮಾರನೆಯ ಬೆಳಿಗ್ಗೆ ತಲೆಗೆ ಬಟ್ಟೆ ಸುತ್ತಿಕೊಂಡೇ ಅವರು ಮಳೆ ಅಳೆಯಲು ಹೋದರು. ಯಾರೂ ನಗಲಿಲ್ಲ.

ಈಗ ಮಳೆ ಬರುವ ಮುಂಚೆಯೇ ಎಚ್ಚರಿಕೆ ಕೊಡಲು ನಿಮ್ಮ ಫೋನು ಬಡಿದುಕೊಳ್ಳುತ್ತದೆ. ನೀವು ಅದನ್ನು ಬೆರಳಲ್ಲಿ ತಳ್ಳಿ ಆಟ ಮುಂದುವರಿಸುತ್ತೀರಿ. ಆಡಿ, ಬೇಡ ಅನ್ನೋಲ್ಲ. ಆದರೆ ಇವತ್ತು ಬೆಳಿಗ್ಗೆ ಅದೇ ಕೋಡಿಯ ಮೇಲೆ ಸಾಲಾಗಿ ಮರಳಿನ ಮೂಟೆ ಕಂಡೆ. ಯಾರ ಕೆಲಸವೋ ಇದು ಎಂದು ಕೇಳಿದರೆ ನಿಮ್ಮಪ್ಪ, ನನ್ನ ಮಗನೇ, "ಬ್ಯಾಸ್ಗೆಗೆ ನೀರು ಬ್ಯಾಡ್ವಾ ಅವ್ವ?" ಎಂದು ತಟ್ಟೆಗೆ ಬಗ್ಗಿದ. ಫೋನು ಕೆಳಗಿಡಿ, ಏಳಿ. ಅಷ್ಟೂ ಮೂಟೆ ಎತ್ತೋಕೆ ನನ್ನೊಬ್ಬಳ ಕೈಲಿ ಆಗೋಲ್ಲ.