ಮಾಟಗಾತಿಗೆ ನಾನು ಕಲಿಸಿದ ವಿನಯ

ಐವತ್ತಕ್ಕೆ ಹತ್ತಿರವಾಗುತ್ತಿರುವ, ಕನ್ನಡಕದ ನಂಬರು ಏರುತ್ತಲೇ ಇರುವ ಹೆಂಗಸೊಬ್ಬಳು ಮಲೇಷ್ಯಾದ ಸೈಬರ್‌ಜಯಾದಲ್ಲಿರುವ ತನ್ನ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸುತ್ತಾಳೆ. ಮೇಲೆ ಮೀಟಿಂಗ್ ಶುರುವಾಗಿದೆ. ಅವಳು ಮಾತ್ರ ಏಸಿ ಹಾಕಿಕೊಂಡು ಕಾರಿನಲ್ಲೇ ಕೂತು, ಮಾಟಗಾತಿಯೊಬ್ಬಳು ತೋಳಮನುಷ್ಯನ ಬೆನ್ನೇರಿ ಗೋರಿಗಳ ಮೇಲಿಂದ ಹಾರಿಹೋಗುವ ಅಧ್ಯಾಯವನ್ನು ಮುಗಿಸುತ್ತಿದ್ದಾಳೆ. ಇಂಥವಳ ಬಗ್ಗೆ ನೀವು ಏನೆಂದುಕೊಳ್ಳುತ್ತೀರೋ ನನಗೆ ಗೊತ್ತು. ಅಂದುಕೊಳ್ಳಿ, ಅಡ್ಡಿಯಿಲ್ಲ. ಅವಳು ನಾನೇ.

ಶುರುವಾದದ್ದು ತಪಾಸಣೆಯಿಂದ. ನನ್ನ ಮಗಳು ಇಂಚರಳಿಗೆ ಹದಿನಾರು ವರ್ಷ. ಅವಳ ಕೋಣೆಯಲ್ಲಿ ದಪ್ಪ ದಪ್ಪ ಪುಸ್ತಕಗಳ ಸಾಲೊಂದು ಬೆಳೆಯತೊಡಗಿತು. ಎಲ್ಲದರ ರಕ್ಷಾಪುಟದಲ್ಲೂ ಒಬ್ಬಳೇ ಹುಡುಗಿ, ಕಪ್ಪು ನಿಲುವಂಗಿ, ಜಗತ್ತನ್ನೇ ಸುಟ್ಟುಬಿಡುತ್ತೇನೆ ಎನ್ನುವ ನೋಟ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಇದರಲ್ಲೂ ನಾಲ್ಕು ತಪ್ಪು ಹುಡುಕಿ, ಊಟದ ಹೊತ್ತಿಗೆ ಮಗಳ ಮುಂದೆ ಇಡೋಣವೆಂದು ಮೊದಲ ಸಂಪುಟ ತೆಗೆದುಕೊಂಡೆ. ನಾಲ್ಕು ಅಧ್ಯಾಯ ದಾಟುವಷ್ಟರಲ್ಲಿ ನಾನು ಪಕ್ಷಾಂತರ ಮಾಡಿಬಿಟ್ಟಿದ್ದೆ.

ನಾಯಕಿಯ ಹೆಸರು ಕೆಸ್ಟ್ರಾ. ಸತ್ತವರು ಅವಳ ಕಣ್ಣಿಗೆ ಕಾಣುತ್ತಾರೆ, ಬದುಕಿರುವವರ ಮಾತು ಅವಳ ಕಿವಿಗೆ ಬೀಳುವುದಿಲ್ಲ. ಮಾಟಗಾರರ ಕುಲದಲ್ಲಿ ಹುಟ್ಟಿದವಳು. ಆ ಕುಲಕ್ಕೆ ಅವಳ ಅಜ್ಜಿಯೇ ಯಜಮಾನಿ. ಕೆಸ್ಟ್ರಾ ಗುರುಗಳಿಗೆ ಎದುರಾಡುತ್ತಾಳೆ, ಹೋಗಬೇಡ ಎಂದ ಕಾಡಿಗೇ ಹೋಗುತ್ತಾಳೆ, ಮುಟ್ಟಬೇಡ ಎಂದದ್ದನ್ನೇ ಮುಟ್ಟುತ್ತಾಳೆ. ಹೇಳಿದ ಮಾತು ಕೇಳುವ ಕಾಯಿಲೆ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಆ ಕಾಯಿಲೆಯಲ್ಲೇ ಇಷ್ಟು ವರ್ಷ ನರಳಿದ ನನಗೆ ಅವಳು ಎಂಥ ಔಷಧಿಯಾದಳೆಂದು ಏನು ಹೇಳಲಿ!

ದೆವ್ವಗಳೇನೂ ನಮಗೆ ಹೊಸಬರಲ್ಲ. ಮರಕ್ಕೆ ಜೋತುಬಿದ್ದು ಒಗಟು ಕೇಳುವ ಬೇತಾಳನನ್ನು ಬೆನ್ನ ಮೇಲೆ ಹೊತ್ತು ಬೆಳೆದವರು ನಾವು. ಈ ದೇಶದಲ್ಲೂ ಅವುಗಳಿಗೆ ಬರವಿಲ್ಲ. ನಮ್ಮ ಆಫೀಸಿನ ಮಲಯ್ ಗೆಳತಿ ಡೇಟಾ ಸೆಂಟರಿನ ಗೋಡೆಯ ಪಕ್ಕದ ಬಾಳೆಗಿಡದ ಕಡೆ ಸಂಜೆಯಾದ ಮೇಲೆ ಸುಳಿಯುವುದಿಲ್ಲ. ಅದರಲ್ಲಿ ಹೆಣ್ಣು ದೆವ್ವವೊಂದು ಇರುತ್ತದಂತೆ. ಒಳಗೆ ಇಡೀ ಏಷ್ಯಾದ ಮಾಹಿತಿ ಗಿರಗಿರ ತಿರುಗುತ್ತಿದ್ದರೂ ಹೊರಗೆ ಬಾಳೆಗಿಡದ ಅಧಿಕಾರಕ್ಕೆ ಕುಂದಿಲ್ಲ. ನಮ್ಮ ಕಡೆಯ ದೆವ್ವಕ್ಕೂ ಇಲ್ಲಿಯದಕ್ಕೂ ಒಂದು ಸಾಮ್ಯ, ಎರಡೂ ತಲೆ ಬಾಚಿಕೊಳ್ಳುವುದಿಲ್ಲ. ಇಂಗ್ಲಿಷ್ ಪುಸ್ತಕದ ಪಿಶಾಚಿಗಳು ಮಾತ್ರ ನಿತ್ಯ ವ್ಯಾಯಾಮ ಮಾಡುತ್ತವೆ, ಚರ್ಮದ ಜಾಕೆಟ್ ಹಾಕುತ್ತವೆ, ಪ್ರೀತಿಸುವ ಮುನ್ನ ತಮ್ಮ ಬಾಲ್ಯದ ನೋವನ್ನು ವಿವರವಾಗಿ ಹೇಳುತ್ತವೆ.

ನಾನು ಎರಡನೆಯ ಸಂಪುಟದಲ್ಲಿದ್ದಾಗ ನಮ್ಮತ್ತೆ ಮೈಸೂರಿನಿಂದ ಬಂದರು. ಶಾಲೆಯ ರಜೆ ಮುಗಿಯುವವರೆಗೆ ಇರುವುದೆಂದು ತೀರ್ಮಾನ. ಮೊಮ್ಮಗಳ ಜೊತೆ ಕಾಲ ಕಳೆಯಬೇಕೆಂದೇ ಬಂದವರು. ಮೊಮ್ಮಗಳಿಗೋ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಬಾಯಿಂದ ಹೊರಡುವುದು ಇಂಗ್ಲಿಷು. ಅತ್ತೆ, "ಊಟ ಸೇರ್ತಾ ಪುಟ್ಟಿ?" ಎಂದರೆ "ಯೆಸ್ ಅಜ್ಜಿ." "ಶಾಲೇಲಿ ಏನೇನು ಕಲಿಸ್ತಾರೆ?" ಎಂದರೆ, ಇಲ್ಲಿಯವರ ಮಾತಿನ ಬಾಲ ಅಂಟಿಸಿ, "ನಥಿಂಗ್ ಮಚ್ ಲಾ." ಅಲ್ಲಿಗೆ ಕೋಣೆಯ ಬಾಗಿಲು ಮುಚ್ಚುತ್ತಿತ್ತು. ಹುಡುಗಿಗೆ ಅಜ್ಜಿಯ ಮೇಲೆ ಅಸಡ್ಡೆಯಿರಲಿಲ್ಲ, ತಪ್ಪು ಮಾತಾಡಿ ನಗೆಪಾಟಲಾಗುವ ಹೆದರಿಕೆ. ಅಜ್ಜಿಗೆ ಅದು ತಿಳಿಯುವ ಬಗೆ ಹೇಗೆ?

ಇಬ್ಬರನ್ನೂ ಮಾತಿಗೆ ಕೂರಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮನೆ ಹತ್ತಿರದ ಮಾಮಕ್ ಹೋಟೆಲಿಗೆ, ಅಂದರೆ ಇಲ್ಲಿಯ ತಮಿಳು ಮುಸ್ಲಿಮರು ನಡೆಸುವ ಹೋಟೆಲಿಗೆ, ಕರೆದೊಯ್ದು ಎದುರುಬದುರು ಕೂರಿಸಿ, ಫೋನ್ ಬಂದ ನೆಪ ಮಾಡಿಕೊಂಡು ಎದ್ದು ಹೋದೆ. ತಿರುಗಿ ಬಂದಾಗ ಅತ್ತೆ ರೋಟಿ ಚನಾಯ್ ಮುಗಿಸಿ, "ನಮ್ಮ ಪರೋಟಾನೇ ಕಣೆ, ಸ್ವಲ್ಪ ಜಂಬ ಜಾಸ್ತಿ" ಎಂದು ತೀರ್ಪು ಕೊಟ್ಟರು. ಮಗಳು ಫೋನಿನಲ್ಲಿ ಮುಳುಗಿದ್ದಳು. ಅಂದು ಸಂಜೆ ಬಟ್ಟೆ ಮಡಿಸುತ್ತಾ ಅತ್ತೆ ಕೇಳಿದರು: "ಈ ಮಗು ನನ್ನ ಹತ್ರ ಲಾಯರ್ ಹತ್ರ ಮಾತಾಡೋ ಹಾಗೆ ಅಳೆದು ಅಳೆದು ಮಾತಾಡತ್ತೆ. ನಾನು ಹೋದ್ಮೇಲೆ ಇವಳಿಗೆ ನನ್ನ ಒಂದು ಮಾತಾದ್ರೂ ನೆನಪಿರತ್ತೇನೆ?" ತುಂಬಾ ಸಂಕಟವಾಯಿತು. ಈ ವಯಸ್ಸಿನಲ್ಲಿ ಅವರು ಮತ್ತೊಮ್ಮೆ ವಿಮಾನ ಹತ್ತುತ್ತಾರೆಂಬ ಭರವಸೆ ನಮಗ್ಯಾರಿಗೂ ಇರಲಿಲ್ಲ.

ಇದರ ನಡುವೆ ಒಂದು ಸಂಜೆ ನಾನು ಪುಸ್ತಕ ಹಿಡಿದು ನಿಂತಿದ್ದಾಗ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅತ್ತೆ ಬೈಯಲಿಲ್ಲ. "ಹಾಲು ಮರೆಸೋವಂಥದ್ದು ಅದರಲ್ಲೇನಿದೆ, ನನಗೂ ಹೇಳು" ಎಂದರು. ಮೈಸೂರಿನಲ್ಲಿ ಅವರು ಪ್ರತಿ ಸಂಜೆ ಪುರಾಣ ಕೇಳಲು ಹೋಗುವವರು. ಇಲ್ಲಿ ಅದು ತಪ್ಪಿಹೋಗಿ, ಊಟದಲ್ಲಿ ಉಪ್ಪಿಲ್ಲದ ಹಾಗಾಗಿತ್ತು. ಹೀಗೆ ನಮ್ಮ ಹದಿನಾರನೆಯ ಮಹಡಿಯ ಹಾಲ್‌ನಲ್ಲಿ ಮಾಟಗಾತಿಯ ಪುರಾಣ ಆರಂಭವಾಯಿತು. ಅತ್ತೆ ದೀಪ ಹಚ್ಚಿ, ಹತ್ತಿಯ ಉಂಡೆ ಮುಂದಿಟ್ಟುಕೊಂಡು, ಹೂಬತ್ತಿ ಹೊಸೆಯುತ್ತಾ ಕೇಳುವುದು. ನಾನು ಹೇಳುವುದು. ಕೆಸ್ಟ್ರಾ ಎನ್ನಲು ನಾಲಗೆ ತಿರುಗದೆ ಅವರು ಅವಳನ್ನು ಕಸ್ತೂರಿ ಎಂದು ಕರೆದರು. ಆ ಹೆಸರು ಬಿದ್ದದ್ದೇ ಹುಡುಗಿ ಅರ್ಧ ನಮ್ಮ ಮನೆಯವಳಾದಳು.

ಪುರಾಣಕ್ಕೆ ಒಂದು ನಿಯಮವಿದೆ. ಆ ದಿನದ ಕಥೆಯನ್ನು ಅಶುಭದ ಜಾಗದಲ್ಲಿ ನಿಲ್ಲಿಸಬಾರದು. ಸೀತೆ ಅಶೋಕವನದಲ್ಲಿ ಅಳುತ್ತಿರುವಾಗ ಪುಸ್ತಕ ಮುಚ್ಚಿ ಎದ್ದು ಹೋಗುವಂತಿಲ್ಲ, ಹನುಮಂತ ಉಂಗುರ ಕೊಡುವವರೆಗಾದರೂ ಕೂರಬೇಕು. ಅತ್ತೆ ಇದನ್ನು ಮೊದಲ ದಿನವೇ ಸ್ಪಷ್ಟಪಡಿಸಿದರು. ಈ ಪುಸ್ತಕ ಬರೆದಾಕೆಗೆ ಇದನ್ನು ಯಾರೂ ಹೇಳಿಕೊಟ್ಟಂತಿಲ್ಲ. ಪ್ರತಿ ಅಧ್ಯಾಯದ ಕೊನೆಯಲ್ಲೂ ಕೆಸ್ಟ್ರಾ ಬೆಂಕಿಯಲ್ಲೋ, ಬಾವಿಯಲ್ಲೋ, ಯಾರದೋ ಕೋರೆಹಲ್ಲಿನ ಕೆಳಗೋ ಇರುತ್ತಾಳೆ. ಹಾಗಾಗಿ ಪ್ರತಿ ಸಂಜೆ ಅವಳನ್ನು ಅಲ್ಲಿಂದ ಎತ್ತಿ, ಮನೆಗೆ ತಂದು, ಕೈಕಾಲು ತೊಳೆಸಿ, ದೀಪಕ್ಕೆ ನಮಸ್ಕಾರ ಮಾಡಿಸಿ ಮಲಗಿಸುವ ಕೆಲಸ ನನ್ನ ಪಾಲಿಗೆ ಬಂತು. ಮರುದಿನ ಮತ್ತೆ ಬಾವಿಗೆ ತಳ್ಳುವುದೂ ನಾನೇ.

ಒಂದು ಸಲ ಕೈಯಾಡಿಸಿದ ಮೇಲೆ ನಿಲ್ಲುವುದುಂಟೇ? ತೋಳಮನುಷ್ಯ ಋಷಿಶಾಪಕ್ಕೆ ಗುರಿಯಾದ ರಾಜಕುಮಾರನಾದ. ಪುಸ್ತಕದಲ್ಲಿ ಎರಡು ಪುಟ ನಡೆಯುವ ಚುಂಬನ ನನ್ನ ಬಾಯಲ್ಲಿ "ಪರಸ್ಪರ ಕುಶಲ ವಿಚಾರಿಸಿದರು" ಎಂದಾಯಿತು. ಅವರು ಕುಶಲ ವಿಚಾರಿಸಿದ್ದು ಎಷ್ಟು ಸಲವೆಂದರೆ, ಅತ್ತೆ ಒಮ್ಮೆ "ಪಾಪ, ಯಾರಿಗಾದ್ರೂ ಹುಷಾರಿಲ್ವೇನೆ?" ಎಂದು ಕೇಳಿದರು. ಎದುರುತ್ತರ ಕೊಡುವಲ್ಲೆಲ್ಲ ಕಸ್ತೂರಿ ತಲೆತಗ್ಗಿಸಿದಳು. ಅತ್ತೆಯ ಮುಂದೆ, ಅದೂ ಮೊಮ್ಮಗಳು ಬಾಗಿಲು ಮುಚ್ಚಿಕೊಳ್ಳುವ ಮನೆಯಲ್ಲಿ, ಹಿರಿಯರನ್ನು ಧಿಕ್ಕರಿಸುವ ಹುಡುಗಿಯ ಕಥೆ ಹೇಳುವ ಧೈರ್ಯ ನನಗಿರಲಿಲ್ಲ. ಕಾರಿನಲ್ಲಿ ಕೂತು ಅವಳ ಬಂಡಾಯಕ್ಕೆ ಸೈ ಎನ್ನುತ್ತಿದ್ದವಳು, ಮನೆಗೆ ಬಂದು ಅವಳಿಗೆ ಸೆರಗು ಹೊದಿಸುತ್ತಿದ್ದೆ.

ಮೂರನೆಯ ಸಂಪುಟದ ಕೊನೆಗೆ ಬಂದೆವು. ಕೆಸ್ಟ್ರಾಳ ಶಕ್ತಿ ಚಿಕ್ಕಂದಿನಿಂದ ಯಾಕೆ ಪೂರ್ತಿ ಒದಗುತ್ತಿರಲಿಲ್ಲ ಎಂಬ ಗುಟ್ಟು ಅಲ್ಲಿ ಒಡೆಯುತ್ತದೆ. ಅವಳ ಅಜ್ಜಿಯೇ ಅದಕ್ಕೆ ಮಂತ್ರದ ಬೀಗ ಹಾಕಿಟ್ಟಿದ್ದಾಳೆ. ಪುಸ್ತಕದಲ್ಲಿ ನಡೆಯುವುದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೇಳಿದ್ದು ಬೇರೆ. "ಕಸ್ತೂರಿಗೆ ತನ್ನ ತಪ್ಪಿನ ಅರಿವಾಯ್ತು ಅತ್ತೆ. ಅಜ್ಜಿ ಮಾಡಿದ್ದೆಲ್ಲ ತನ್ನ ಒಳ್ಳೇದಕ್ಕೇ ಅಂತ ಕಾಲಿಗೆ ಬಿದ್ದು ಕ್ಷಮೆ ಕೇಳಿದಳು. ಅಜ್ಜಿ ಎತ್ತಿ ತಬ್ಬಿಕೊಂಡರು. ಆಮೇಲೆ ಎಲ್ಲರೂ ಸೇರಿ ಶ್ಯಾವಿಗೆ ಪಾಯಸ..."

"ಅಮ್ಮಾ!"

ಊಟದ ಮೇಜಿನ ಹತ್ತಿರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಇಂಚರ ಎದ್ದು ನಿಂತಿದ್ದಳು. ಅದರಲ್ಲಿ ಹಾಡು ಬರುತ್ತಿರಲಿಲ್ಲವೆಂದು, ಇಷ್ಟೂ ದಿನ ಅವಳು ನನ್ನ ಪುರಾಣವನ್ನೇ ಕೇಳುತ್ತಿದ್ದಳೆಂದು ಆಗ ತಿಳಿಯಿತು. "ವಾಟ್ ಪಾಯಸ? ಅವಳು ಸಾರಿ ಹೇಳೋದೇ ಇಲ್ಲ! ಅಜ್ಜಿ, ಅಮ್ಮ ಫುಲ್ ಸುಳ್ಳು ಹೇಳ್ತಿದಾಳೆ. ಅವಳು ಅಜ್ಜಿದು ಮ್ಯಾಜಿಕ್ ಕೋಲು ಇದೆಯಲ್ಲ, ಅದನ್ನ ಕಿತ್ಕೊಂಡು ಮುರಿದು ಹಾಕ್ತಾಳೆ. ನನ್ನ ಶಕ್ತಿ ನಂದು, ನಿಂದಲ್ಲ ಅಂತಾಳೆ. ಆಮೇಲೆ ಬಾಗಿಲು ಒದ್ದು ಹೋಗ್ತಾಳೆ ಲಾ!"

ಇಷ್ಟುದ್ದದ ಕನ್ನಡ ಅವಳ ಬಾಯಿಂದ ಬಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಸಂತೋಷಪಡಬೇಕಾದವಳು ಬೆವತುಹೋದೆ. ಆಡಿದ ಮಾತಾದರೂ ಎಂಥದ್ದು! ಅಜ್ಜಿಯ ಎದುರು ನಿಂತು, ಅಜ್ಜಿಯ ಕೋಲು ಮುರಿಯುವ ಮಾತು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿಕೊಂಡರು. ಅತ್ತೆ ಹತ್ತಿ ಕೆಳಗಿಟ್ಟರು.

"ಆ ಅಜ್ಜಿ ಅವಳನ್ನ ಕೇಳಿ ಬೀಗ ಹಾಕಿದ್ಲೋ, ಕೇಳದೇನೋ?"

"ಕೇಳ್ಲೇ ಇಲ್ಲ ಅಜ್ಜಿ! ಅವಳು ಬೇಬಿ ಇದ್ದಾಗ."

"ಮುದುಕಿಗೆ ಕೊಬ್ಬು. ಮುರಿದದ್ದೇ ಸರಿ" ಎಂದರು ಅತ್ತೆ. "ಬಾ ಇಲ್ಲಿ, ಕೂತ್ಕೊ. ಒದ್ದು ಎಲ್ಲಿಗೆ ಹೋದ್ಲು?"

ಹುಡುಗಿ ಕೂತಳು. ಪದ ಸಿಗದ ಕಡೆ ಕೈಯಾಡಿಸಿ, ಇಂಗ್ಲಿಷ್ ತುರುಕಿ, ಎದ್ದು ಕುಣಿದು, ಕಥೆ ಹೇಳಿದಳು. ಕುಶಲ ವಿಚಾರಣೆಯ ಭಾಗವನ್ನೂ ಬಿಡಲಿಲ್ಲ. ನಾನು ಅಡುಗೆಮನೆಗೆ ಓಡಿಹೋಗಿ ಅಲ್ಲಿಂದಲೇ ಆಲಿಸಿದೆ. ಅತ್ತೆ ಹತ್ತೊಂಬತ್ತಕ್ಕೇ ಮದುವೆಯಾಗಿ ಬಂದು ಎಷ್ಟು ಬೀಗಗಳನ್ನು ನೋಡಿದವರೆಂದು ನಾನು ಯೋಚಿಸಿಯೇ ಇರಲಿಲ್ಲ. ಕೊನೆಗೆ ಇಂಚರ ಕಸ್ತೂರಿಯನ್ನು ಕಡಿಬಂಡೆಯಿಂದ ಸಮುದ್ರಕ್ಕೆ ಬೀಳಿಸಿ, ಅರ್ಧದಲ್ಲೇ ನಿಲ್ಲಿಸಿ, ನೀರು ಕುಡಿಯಲು ಎದ್ದಳು. ನಾನು ಗಾಬರಿಯಾಗಿ, "ಅತ್ತೆ, ಶುಭದಲ್ಲಿ ನಿಲ್ಲಿಸ್ಬೇಕಲ್ವಾ?" ಎಂದೆ.

"ಅದು ಪುರಾಣಕ್ಕೆ ಕಣೆ. ಇದು ಕಥೆ" ಎಂದರು ಅತ್ತೆ. ಆಮೇಲೆ ನನಗೆ ಬೇಸರವಾಗಬಾರದೆಂದೋ ಏನೋ ಸೇರಿಸಿದರು: "ನೀನು ಹೇಳಿದ ಕಸ್ತೂರಿ ತುಂಬಾ ಒಳ್ಳೆ ಹುಡುಗಿ. ಆದ್ರೆ ಅವಳು ಮನೆಗೆ ಬಂದ್ಲು ಅಂದ ತಕ್ಷಣ ನನಗೆ ನಿದ್ದೆ ಬರ್ತಿತ್ತು."

ದೆವ್ವ ಪಿಶಾಚಿಗಳ ಬಗ್ಗೆ ಇಷ್ಟೆಲ್ಲ ಓದಿದ ನಾನು ಕಂಡುಕೊಂಡ ಸತ್ಯವೆಂದರೆ ಇದು. ನಮ್ಮ ಮನೆಯಲ್ಲಿದ್ದ ಅತ್ಯಂತ ಭಯಂಕರ ಕಾಲ್ಪನಿಕ ಜೀವಿ ನನ್ನತ್ತೆ. ಸೋಫಾದ ಮೇಲೆ ಕೂತು ಹತ್ತಿ ಹೊಸೆಯುತ್ತಿದ್ದವರಲ್ಲ, ನಾನು ಮದುವೆಯಾದಾಗಿನಿಂದ ತಲೆಯಲ್ಲಿ ಬರೆದು ಇಟ್ಟುಕೊಂಡವರು. ಅವರಿಗೆ ಹೆದರಿ ಎಷ್ಟು ಉತ್ತರಗಳನ್ನು ನುಂಗಿದ್ದೆ! ನಿಜವಾದವರು ಅವನ್ನು ಕೇಳಿಸಿಕೊಳ್ಳಲು ಸಿದ್ಧರಾಗಿಯೇ ಇದ್ದರೇನೋ, ಯಾರಿಗೆ ಗೊತ್ತು.

ಅಂದಿನಿಂದ ನನ್ನ ಕೆಲಸ ಹೋಯಿತು. ನಾಲ್ಕನೆಯ ಸಂಪುಟ ಪೂರ್ತಿ ಮಗಳೇ ಹೇಳಿದಳು. ನಡುವೆ ಅತ್ತೆ ತಮ್ಮ ಹುಡುಗಾಟದ ಕಥೆಗಳನ್ನೂ ಸೇರಿಸುತ್ತಿದ್ದರಂತೆ. ಯಾವುವೆಂದು ಕೇಳಿದರೆ ಇಬ್ಬರೂ ನಗುತ್ತಿದ್ದರು, ನನಗೆ ಹೇಳಲಿಲ್ಲ. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನಾನು ನಮಸ್ಕರಿಸಿದಾಗ ಅತ್ತೆ ಎಂದಿನಂತೆ ದೀರ್ಘಸುಮಂಗಲಿಯಾಗೆಂದು ಹರಸಿದರು. ಮೊಮ್ಮಗಳನ್ನು ತಬ್ಬಿಕೊಂಡು ಹೇಳಿದ್ದೇ ಬೇರೆ: "ನಿನ್ನನ್ನ ಕೇಳ್ದೆ ಯಾರಾದ್ರೂ ಬೀಗ ಹಾಕೋಕೆ ಬಂದ್ರೆ ನನಗೊಂದು ಫೋನ್ ಮಾಡು." ಹಾಗೆನ್ನುವಾಗ ಅವರು ನೋಡಿದ್ದು ನನ್ನನ್ನು.

ವಾಪಸು ಬರುವಾಗ ಕಾರಿನಲ್ಲಿ ಇಂಚರ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೇ, "ಅಮ್ಮ, ಐದನೇ ಬುಕ್ ನೀನು ಓದ್ಬೇಡ. ನಾನೇ ಹೇಳ್ತೀನಿ" ಎಂದಳು. ನಾನು ಆಗಲಿ ಎಂದೆ. ಐದನೆಯದನ್ನು ಹೋದ ವಾರವೇ ಓದಿ ಮುಗಿಸಿದ್ದೆ. ದಾರಿಯುದ್ದಕ್ಕೂ ಹೇಳಿದಳು. ಎರಡು ಕಡೆ ಕಥೆ ಪುಸ್ತಕಕ್ಕಿಂತ ಬೇರೆಯಾಗಿತ್ತು. ನಾನು ತಿದ್ದಲಿಲ್ಲ.