ಕಥೆಯ ಕೊನೆ ಮಾವಶಿಯ ಡಬ್ಬಿಯಲ್ಲಿತ್ತು

ಅಂಚು ಮುರಿದ, ನಾಟಕದವರ ಮುಖದ ಬಣ್ಣ ಮೆತ್ತಿದ ಎಂಟು ಹಾಳೆಗಳಿಗೆ ನಾನು ಒಂದು ಹೊಸ ಕುಕ್ಕರ್ ಕೊಟ್ಟೆ. ಐದು ಲೀಟರಿನದು, ಪೆಟ್ಟಿಗೆ ಒಡೆಯದ್ದು. ಚೌಕಾಸಿ ಮಾಡಲಿಲ್ಲ. ಸೈಕಲ್ಲಿನ ಹಿಂದೆ ಪಾತ್ರೆ ಕಟ್ಟಿಕೊಂಡು ಹಳೆಬಟ್ಟೆಗೆ ಹೊಸ ಭಾಂಡೆ ಎಂದು ಕೂಗುತ್ತ ಬದುಕು ಶುರು ಮಾಡಿದವನು ನಾನು. ಇಂಡಿಯಲ್ಲಿ ಸ್ವಂತ ಅಂಗಡಿ ಹಾಕುವ ತನಕ ಒಂದು ಚಮಚವನ್ನೂ ಎದುರಿನವನು ಹೇಳಿದ ಬೆಲೆಗೆ ಕೊಂಡವನಲ್ಲ. ಆ ದಿನ ಮಾತ್ರ ಬಾಯಿ ಮುಚ್ಚಿಕೊಂಡು ಕೊಟ್ಟೆ. ಯಾಕೆಂದರೆ ಆ ಹಾಳೆಗಳು ತುರುಬಿನಲ್ಲಿ ದಬ್ಬಣ ಸಿಕ್ಕಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸಿಗೆ ಸೇರಿದ್ದವು. ಅವನ್ನು ಇಟ್ಟುಕೊಂಡಿದ್ದ ಮನುಷ್ಯನಿಗೆ ಅವು ಏನೆಂಬುದೇ ಗೊತ್ತಿರಲಿಲ್ಲ.

ದಬ್ಬಣವೆಂದರೆ ಜೋಳದ ಚೀಲದ ಬಾಯಿ ಹೊಲಿಯುವ ದೊಡ್ಡ ಸೂಜಿ. ಉಳಿದ ಹೆಂಗಸರು ಅಬ್ಬಲಿಗೆ ಮುಡಿಯುವ ಜಾಗದಲ್ಲಿ ಮಾವಶಿಗೆ ಅದು ಇರುತ್ತಿತ್ತು. ಮಾತಾಡುತ್ತ ಮಾತಾಡುತ್ತ ಕೈ ಹಿಂದೆ ಹೋಗುತ್ತಿತ್ತು, ದಬ್ಬಣ ಹೊರಗೆ ಬರುತ್ತಿತ್ತು, ಎದುರಿದ್ದ ಪುಸ್ತಕದ ಬೆನ್ನಿಗೆ ಹೊಗುತ್ತಿತ್ತು. ತೊಂಬತ್ತರ ದಶಕದಲ್ಲಿ ಸಿಂದಗಿಯ ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಅವಳದೊಂದು ಕಟ್ಟಿಗೆಯ ಡಬ್ಬಿ ಅಂಗಡಿ. ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಅವಳಿಗೆ ರಕ್ತಸಂಬಂಧದ ಅಕ್ಕತಂಗಿಯರ ಮಕ್ಕಳು ಎಷ್ಟಿದ್ದರೋ ನನಗೆ ಗೊತ್ತಿಲ್ಲ, ಆದರೆ ಆಲಮೇಲದ ಬಸ್ಸಿಗೆ ಕಾಯುವವರೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

ಅಲ್ಲಿ ಸಿಗುತ್ತಿದ್ದದ್ದು ಒಂದೇ ಬಗೆಯ ಪುಸ್ತಕ. ಕತ್ತಿ, ಮಾಟ, ಹಾಳು ಕೋಟೆ, ಸತ್ತ ರಾಜನ ಗೋರಿ, ಗುಹೆಯಲ್ಲಿ ಹೆಡೆ ಬಿಚ್ಚಿ ಕೂತ ಏನೋ ಒಂದು. ಹಳೆ ಕಾಲದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾಗಿ, ರೇಲ್ವೆ ಸ್ಟೇಶನ್ನುಗಳಲ್ಲಿ ಮಾರಾಟವಾಗಿ, ಆಮೇಲೆ ಜನ ಮರೆತೇಬಿಟ್ಟ ತೆಳ್ಳನೆಯ ಪುಸ್ತಕಗಳು. ಬರೆದವರ ಹೆಸರು ರಟ್ಟಿನ ಜೊತೆಗೇ ಹರಿದು ಹೋಗಿರುತ್ತಿತ್ತು. ಸಂಸಾರದ ಕಾದಂಬರಿ ಯಾಕೆ ಇಡುವುದಿಲ್ಲ, ಹೆಂಗಸರು ಕೇಳುತ್ತಾರಲ್ಲ ಎಂದು ವ್ಯಾಪಾರದ ಬುದ್ಧಿ ಹೇಳಿದ್ದೆ. "ಸಂಸಾರದ ಕಥಿ ಮನಿಯಾಗ ಐತಿ. ಅದಕ್ಕ ಬಾಡಗಿ ಯಾಕ ಕೊಡಬೇಕ ತಮ್ಮಾ?" ಎಂದಳು.

ಮಾವಶಿಯ ಅಂಗಡಿಯ ಪದ್ಧತಿಯನ್ನು ಮಾತ್ರ ನಾನು ಬೇರೆಲ್ಲೂ ಕಂಡಿಲ್ಲ. ಪ್ರತಿ ಪುಸ್ತಕದ ಕೊನೆಯ ಎಂಟು ಹಾಳೆಗಳನ್ನು ಅವಳು ಬಿಚ್ಚಿ, ಬೇರೆಯಾಗಿ ಹೊಲಿದು, ಕಾಲ ಬಳಿಯ ತಗಡಿನ ಡಬ್ಬಿಯಲ್ಲಿಟ್ಟು ಕೀಲಿ ಹಾಕುತ್ತಿದ್ದಳು. ನೀವು ಒಯ್ಯುವುದು ಕೊನೆಯಿಲ್ಲದ ಪುಸ್ತಕ. ಓದಿ ತಂದು, ಅವಳೆದುರು ನಿಂತು, ಅಲ್ಲಿಯವರೆಗಿನ ಕಥೆಯನ್ನು ಹೇಳಬೇಕು. ಸರಿಯಾಗಿ ಹೇಳಿದರೆ ಡಬ್ಬಿ ತೆರೆಯುತ್ತಿತ್ತು. ಕೊನೆಯನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ಓದಿ ವಾಪಸ್ಸು ಕೊಡಬೇಕು. ಅಂಗಡಿ ತೆರೆದ ಹೊಸದರಲ್ಲಿ ಅರ್ಧಕ್ಕರ್ಧ ಪುಸ್ತಕಗಳು ಬಸ್ಸು ಹತ್ತಿ ಹೋಗಿ ಮರಳಿರಲಿಲ್ಲವಂತೆ. ಕೊನೆಯಿಲ್ಲದ ಪುಸ್ತಕವನ್ನು ಯಾವ ಕಳ್ಳ ಇಟ್ಟುಕೊಳ್ಳುತ್ತಾನೆ?

ಮೊದಲ ಸಲ ನಾನು ಜಗಳ ತೆಗೆದೆ. ಸಂತೆಯ ದಿನ ಪಾತ್ರೆ ಮಾರಲು ಬಂದವನು, ಮತ್ತೆ ಸಿಂದಗಿಗೆ ಬರುವುದು ಮುಂದಿನ ವಾರ. ಇಡೀ ಪುಸ್ತಕ ಕೊಡಿ ಎಂದೆ. "ನಾ ಕುಕ್ಕರ್ ಮಾರಿದ್ರ ಸೀಟಿ ಇಟ್ಕೊಂಡು ಕಳಸ್ತೇನೇನ್ರಿ ಮಾವಶಿ?"

"ನಿನ್ನ ಕುಕ್ಕರ್ ಒಯ್ದಾಕಿ ತಿರುಗಿ ತಂದು ಕೊಡ್ತಾಳೇನು?"

ವ್ಯಾಪಾರದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಅವತ್ತಿನಿಂದ ನಾನು ಅವಳ ಗಿರಾಕಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಸಂತೆಯಿಂದ ಸಂತೆಗೆ ಸುತ್ತುವವನಿಗೆ ಬಸ್ಸಿನಲ್ಲಿ ಬೇರೇನು ಕೆಲಸ? ಓದುತ್ತಿದ್ದೆ. ಕಥೆ ಒಪ್ಪಿಸಬೇಕಾಗಿದ್ದರಿಂದ ಎಚ್ಚರವಿಟ್ಟು ಓದುತ್ತಿದ್ದೆ. ಗಿರಾಕಿಯ ಮಾತನ್ನು ಕೊನೆಯವರೆಗೆ ಕೇಳಿ ಆಮೇಲೆ ಬೆಲೆ ಹೇಳುವ ಬುದ್ಧಿ ನನಗೆ ಬಂದದ್ದೂ ಅಲ್ಲಿಂದಲೇ. ಅರೆಬರೆ ಹೇಳಿದರೆ ಮಾವಶಿ ದಬ್ಬಣದ ಮೊಂಡ ತುದಿಯಿಂದ ಹಲಗೆ ಕುಟ್ಟುತ್ತಿದ್ದಳು. "ನೀ ಓದಿಲ್ಲ, ಹಾಳಿ ತಿರುವೀದಿ. ಒಯ್ಯಿ."

ಅವಳಿಗೆ ಎಲ್ಲಕ್ಕಿಂತ ಪ್ರೀತಿಯ ಪುಸ್ತಕವೊಂದಿತ್ತು. ಕೂಲಿಗೆ ಕತ್ತಿ ಹಿಡಿಯುವ ಒಬ್ಬನ ಕಥೆ. ಕುರಿ ಕಾಯುತ್ತಿದ್ದ ಅನಾಥ, ಗೋರಿಯೊಂದರಲ್ಲಿ ಅವನಿಗೆ ಒಂದು ಖಡ್ಗ ಸಿಗುತ್ತದೆ. ಒರೆಯಿಂದ ಎಳೆದರೆ ಎದುರಿದ್ದವನು ಸಾಯಲೇಬೇಕು, ಆದರೆ ಎಳೆದವನಿಗೆ ತನ್ನವರಲ್ಲಿ ಒಬ್ಬರು ಮರೆತುಹೋಗುತ್ತಾರೆ. ಹಾಗೆ ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತ ಅವನು ದೊಡ್ಡ ವೀರನಾಗುತ್ತಾನೆ. ರಾಜನೊಬ್ಬ ಹೊಳೆಯ ನಡುವಿನ ಕೋಟೆಯ ಮಾಟಗಾತಿಯನ್ನು ಕೊಂದು ಬಾ ಎಂದು ಕಳಿಸುತ್ತಾನೆ. ಅವನು ಕೋಟೆಯ ಹೊಸ್ತಿಲಲ್ಲಿ ಹಿಡಿಕೆಯ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಬಾಡಿಗೆಯ ಭಾಗ ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ಸರದಿ ಬರುವ ಮುಂಚೆ ಅದನ್ನು ನಾಟಕ ಕಂಪನಿಯವನೊಬ್ಬ ಒಯ್ದ. ಆಗ ಸಿಂದಗಿಯಲ್ಲಿ ಒಂದು ಕಂಪನಿ ತಗಡಿನ ಥಿಯೇಟರು ಹಾಕಿತ್ತು. ಅವನು ಅವರಿಗೆ ನಾಟಕ ಬರೆದುಕೊಡುವ ಕವಿ. ಬೇರೆಯವರು ಮರುದಿನವೇ ಓಡಿಬಂದು ಕೊನೆ ಕೇಳುವ ಪುಸ್ತಕ ಅದು. ಅವನು ಬರಲಿಲ್ಲ. ಕಂಪನಿ ಊರು ಬಿಟ್ಟಿತು. ಪದ್ಧತಿ ಹೇಳಿಯೇ ಕೊಟ್ಟಿದ್ದೆ ಎಂದು ಮಾವಶಿ ಆಣೆ ಮಾಡುತ್ತಿದ್ದಳು. ಕೇಳಿಸಿಕೊಂಡರೆ ತಾನೆ! ಹಳೆ ಪುಸ್ತಕ, ಕೊನೆ ಹರಿದಿದೆ, ನಾವೇ ಒಂದು ಕೊನೆ ಹಚ್ಚಿದರಾಯಿತು ಎಂದುಕೊಂಡ ಭೂಪ.

ಹಚ್ಚಿದ. ಬಸವನ ಬಾಗೇವಾಡಿಯಲ್ಲಿ ಆ ನಾಟಕ ಕಿಕ್ಕಿರಿದು ತುಂಬಿತು. ಆಮೇಲೆ ಅದರ ಮಾತುಗಳ ಕ್ಯಾಸೆಟ್ಟು ಬಂತು. ಬಸ್ ನಿಲ್ದಾಣದ ಚಹಾದಂಗಡಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ. ವೀರ ಮಾಟಗಾತಿಯ ರುಂಡ ಹಾರಿಸುತ್ತಾನೆ, ರಾಜಕುಮಾರಿಯನ್ನು ಮದುವೆಯಾಗುತ್ತಾನೆ, ಬ್ಯಾಂಡು ಬಾರಿಸುತ್ತದೆ. ಖಡ್ಗದ ಮರೆವಿನ ಮಾತೇ ಇಲ್ಲ.

ಮುದ್ದೇಬಿಹಾಳದಲ್ಲಿ ಕಂಪನಿ ಬೀಡುಬಿಟ್ಟಾಗ ಮಾವಶಿ ಕೊನೆಯ ಹಾಳೆಗಳನ್ನು ಕೈಚೀಲದಲ್ಲಿ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಅವರಿಗೆ ಕೊನೆ ಸಿಕ್ಕಿಲ್ಲ, ಪಾಪ, ಕೊಟ್ಟರೆ ತಿದ್ದಿಕೊಳ್ಳುತ್ತಾರೆ ಎಂಬುದು ಅವಳ ನಂಬಿಕೆ. ನಾನು ಟಿಕೆಟ್ಟು ತೆಗೆದು ಒಳಗೆ ಕೂರಿಸಿದೆ. ಪರದೆ ಸರಿದು ಮಾಟಗಾತಿ ರಂಗಕ್ಕೆ ಬಂದಳು. ಗಂಡಸೊಬ್ಬ ಹಾಕಿದ ಪಾತ್ರ. ಉಬ್ಬುಹಲ್ಲು, ಗೂನು ಬೆನ್ನು. ತುರುಬಿನಲ್ಲಿ ಮೊಳದುದ್ದದ ದಬ್ಬಣ.

ಆ ಕವಿ ಪುಸ್ತಕ ಒಯ್ಯಲು ಬಂದಿದ್ದಾಗ ಕಥೆಯನ್ನು ನೋಡಿರಲಿಲ್ಲ, ಮಾವಶಿಯ ತಲೆ ನೋಡಿದ್ದ. ತಗಡಿನ ಥಿಯೇಟರು ಬಿರಿಯುವ ಹಾಗೆ ಜನ ನಕ್ಕರು. ಹೆಂಗಸರ ಕಡೆ ಕೂತಿದ್ದ ಇಬ್ಬರು ತಿರುಗಿ ಮಾವಶಿಯನ್ನು ನೋಡಿ, ಒಬ್ಬರನ್ನೊಬ್ಬರು ತಿವಿದುಕೊಂಡರು. ಅವಳು ದಬ್ಬಣ ತೆಗೆಯಲಿಲ್ಲ. ರುಂಡ ಬೀಳುವವರೆಗೆ ಕೂತು ನೋಡಿದಳು.

ಆಟ ಮುಗಿದ ಮೇಲೆ ಕಂಪನಿಯ ಮಾಲಕನ ಹತ್ತಿರ ಹೋದೆವು. ಮಾವಶಿ ಹಾಳೆಗಳನ್ನು ಮುಂದಿಟ್ಟು, ಕೊನೆ ಇಲ್ಲಿದೆ, ಇದನ್ನು ಆಡಿ ಎಂದಳು. ಅವನು ನಿಂತಲ್ಲೇ ಕೊನೆಯ ಪುಟವೊಂದನ್ನು ನೋಡಿದ. "ಅಕ್ಕಾರ, ಮಂದಿ ರುಂಡ ಬೀಳೂದು ನೋಡಾಕ ಬರ್ತಾರ. ನೀರ ಕುಡಿಯೂದು ನೋಡಾಕ ಯಾರ ಬರ್ತಾರ್ರಿ?" ಎಂದ. ಕವಿ ಹಿಂದೆ ನಿಂತು ಬೀಡಿ ಸೇದುತ್ತಿದ್ದ, ಮುಖ ಎತ್ತಲಿಲ್ಲ. ಮಾಲಕ ನಮ್ಮ ಪುಸ್ತಕದ ಮೊದಲ ಭಾಗವನ್ನು ಟ್ರಂಕಿನಿಂದ ಹುಡುಕಿ ತೆಗೆದು ಅವಳ ಮಡಿಲಿಗೆ ಎಸೆದ. ಹಾಳೆಗಳನ್ನು ಮಾತ್ರ, ಇರಲಿ ಪುರಸತ್ತಿನಲ್ಲಿ ನೋಡೋಣ ಎಂದು ಇಟ್ಟುಕೊಂಡ. ಅವಳು ಕೊಟ್ಟಳು. ಕಥೆ ಹೇಳಿಸಿಕೊಳ್ಳದೆ ಅವಳು ಯಾರಿಗಾದರೂ ಕೊನೆ ಕೊಟ್ಟಿದ್ದು ಅದೊಂದೇ ಸಲ. ಹೀಗೆ ಪುಸ್ತಕದ ತಲೆ ಅವಳ ಹತ್ತಿರ ಬಂತು, ಕೊನೆ ಅವರ ಹತ್ತಿರ ಉಳಿಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನೇ ಹಾರಾಡಿದೆ. ಕೋರ್ಟು, ಪೊಲೀಸು ಎಂದೆಲ್ಲ ಬಾಯಿಗೆ ಬಂದದ್ದು ಹೇಳಿದೆ. ಅವಳು, "ನನ್ನ ನೋಡಿ ನಕ್ಕರ ನಗಲಿ. ಆಕಿ ಏನ್ ಮಾಡಿದ್ಲು ಅವರಿಗೆ?" ಎಂದಳು. ಆಕಿ ಎಂದರೆ ಮಾಟಗಾತಿ.

ಹೊಸ್ತಿಲ ಮೇಲೆ ನಿಂತವನು ಮುಂದೇನು ಮಾಡಿದ, ನೀವಾದರೂ ಹೇಳಿ ಎಂದು ಎಷ್ಟೋ ಸಲ ಗೋಗರೆದೆ. ಮೊದಲ ಭಾಗ ಓದಿ, ಕಥೆಯನ್ನು ತಪ್ಪಿಲ್ಲದೆ ಒಪ್ಪಿಸಿಯೂ ಕೇಳಿದೆ. ಒಪ್ಪಲಿಲ್ಲ. "ಬಾಯಿಲೆ ಹೇಳಿದ್ರ ಅದು ನನ್ನ ಕೊನಿ ಆಗ್ತೈತಿ. ಆ ಕವಿಗೂ ನನಗೂ ಏನ್ ಫರಕ ಉಳೀತು?"

ಆಮೇಲೆ ಸಿಂದಗಿಯಲ್ಲಿ ನಡೆದದ್ದು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಓಣಿಯ ಪುಂಡರು ಕ್ಯಾಸೆಟ್ಟಿನ ಮಾಟಗಾತಿಯ ನಗೆಯನ್ನು ಅವಳ ಅಂಗಡಿಯ ಮುಂದೆ ನಕ್ಕು ಓಡುತ್ತಿದ್ದರು. ಓದಿದ ಮಂದಿಯೇನು ಕಡಿಮೆ? ಆ ನಾಟಕದ ಪುಸ್ತಕ ಕೊಡಿ ಎಂದು ಕೇಳಿ ಒಯ್ದು, ಇದು ನಾಟಕದ ಹಾಗಿಲ್ಲ, ಅದರಲ್ಲಿ ಈ ಮರೆವು ಎಲ್ಲಿದೆ, ತಪ್ಪಾಗಿ ಬರೆದಿದ್ದಾರೆ ಎಂದು ತಂದು ಒಗೆಯುತ್ತಿದ್ದರು. ಮೂಲವೇ ತಪ್ಪಂತೆ, ನಕಲು ಸರಿಯಂತೆ! ಕಂಚಿನ ಕೊಡವನ್ನು ಕುಟ್ಟಿ ನೋಡಿ, ಇದು ನಮ್ಮ ಪ್ಲಾಸ್ಟಿಕ್ ಕೊಡದ ಹಾಗೆ ಹಗುರಿಲ್ಲ ಎನ್ನುವ ಗಿರಾಕಿಗಳು ಇವರು. ಒಂದು ದಿನ ಮಾವಶಿ ಡಬ್ಬಿ ಅಂಗಡಿ ಮುಚ್ಚಿ ತಾಂಬಾ ಎಂಬ ಊರಿಗೆ, ತಮ್ಮನ ಮನೆಗೆ ಹೋದಳು. ಒಂದು ಚೀಲದಲ್ಲಿ ಪುಸ್ತಕ, ಇನ್ನೊಂದರಲ್ಲಿ ಆ ತಗಡಿನ ಡಬ್ಬಿ.

ಎರಡು ಸಾವಿರದ ಇಸವಿ ದಾಟಿತ್ತು. ಮನೆಮನೆಯಲ್ಲಿ ಕೇಬಲ್ಲು ಬಂದು ಆ ಕಂಪನಿಯೂ ಮುಳುಗಿತ್ತು. ಅದರ ಹಳೆ ಮಾಲಕ ನನ್ನ ಇಂಡಿಯ ಅಂಗಡಿಗೆ ಹಿತ್ತಾಳೆ ಸಾಮಾನು ಮಾರಲು ಬಂದ. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಕಿರೀಟ, ಗದೆ, ಬಣ್ಣದ ಪೆಟ್ಟಿಗೆ. ಪೆಟ್ಟಿಗೆಯ ತಳಕ್ಕೆ ಕಾಗದ ಹಾಸಿತ್ತು. ಆ ಕಾಗದದ ಅಂಚಿನಲ್ಲಿ ಸಾಲಾಗಿ ತೂತು. ಪುಸ್ತಕ ಕಟ್ಟುವವರ ಸಣ್ಣ ಸೂಜಿಯದಲ್ಲ, ಚೀಲ ಹೊಲಿಯುವ ದಬ್ಬಣದ ತೂತು.

ಹಿತ್ತಾಳೆ ಬಿಟ್ಟು ನಾನು ಮೊದಲು ಆ ಕಾಗದಕ್ಕೇ ಕೈ ಹಾಕಿದ್ದನ್ನು ಅವನು ನೋಡಿಬಿಟ್ಟ. ವ್ಯಾಪಾರದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಹೆಂಡತಿ ಕುಕ್ಕರ್ ಕೇಳುತ್ತಿದ್ದಾಳೆ ಎಂದ. ಕೊಟ್ಟೆ. ಹೋಗುವಾಗ ಇದರಲ್ಲಿ ಅಂಥಾದ್ದೇನಿದೆ ಎಂದು ಕೇಳಿದ. ಕಥೆ ಹೇಳದವನಿಗೆ ಕೊನೆ ಇಲ್ಲ ಎಂದುಕೊಂಡು, ಸೀಟಿ ಪೆಟ್ಟಿಗೆಯಲ್ಲೇ ಇದೆ ನೋಡಿಕೊಳ್ಳಿ ಎಂದಷ್ಟೇ ಹೇಳಿದೆ.

ನಾನೂ ಓದಲಿಲ್ಲ. ಬಟ್ಟೆಯಲ್ಲಿ ಸುತ್ತಿಕೊಂಡು ತಾಂಬಾಕ್ಕೆ ಹೋದೆ. ಮಾವಶಿ ಹಾಸಿಗೆ ಹಿಡಿದಿದ್ದಳು. ತುರುಬು ನಿಂಬೆಹಣ್ಣಿನಷ್ಟಾಗಿತ್ತು, ದಬ್ಬಣ ಇತ್ತು. ಹಾಳೆಗಳನ್ನು ಕಂಡು ಕೈ ಚಾಚಿದಳು. ಏನು ತೋಚಿತೋ, ನಾನು ಹಿಂದೆ ಸರಿಸಿದೆ. "ಮೊದಲ ಕಥಿ ಹೇಳ್ರಿ ಮಾವಶಿ. ಆಮ್ಯಾಲ ಕೊನಿ."

ನಕ್ಕಳು. ಕೆಮ್ಮು ಬಂತು, ಕೆಮ್ಮಿ ಮುಗಿಸಿ ಎದ್ದು ಗೋಡೆಗೊರಗಿ ಕೂತಳು. ಹೇಳಿದಳು. ಕುರಿ, ಗೋರಿ, ಖಡ್ಗ, ಒಬ್ಬೊಬ್ಬರೇ ಮರೆತದ್ದು, ಒಂದನ್ನೂ ಬಿಡದೆ. ಬಾಗಿಲಲ್ಲಿ ತಮ್ಮನ ಹೆಂಡತಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತು ಕೇಳಿದಳು. "ಹೊಸ್ತಲದಾಗ ನಿಂತಾನ. ಕೈ ಹಿಡಿಕಿ ಮ್ಯಾಲ ಐತಿ. ಈಗ ಕೊಡು."

ಕೊಟ್ಟೆ. ಓದುವ ಮೊದಲು ಹೊಲಿದಳು. ಪುಸ್ತಕದ ಮೊದಲ ಭಾಗವನ್ನು ತಲೆದಿಂಬಿನ ಕೆಳಗಿನಿಂದ ತೆಗೆದು, ಎರಡನ್ನೂ ಜೋಡಿಸಿ, ಹಳೆ ತೂತಿನಲ್ಲೇ ದಾರ ಎಳೆದಳು. ಆಮೇಲೆ ನನ್ನ ಕೈಯಲ್ಲಿಟ್ಟು, ಗಟ್ಟಿಯಾಗಿ ಓದು ಎಂದಳು.

ಕೋಟೆಯೊಳಗೆ ಗೋಡೆಯುದ್ದಕ್ಕೂ ಮಣ್ಣಿನ ಮಡಕೆಗಳು. ಅವನು ಮರೆತ ಒಬ್ಬೊಬ್ಬರ ಹೆಸರನ್ನೂ ಆ ಹೆಂಗಸು ಒಂದೊಂದು ಮಡಕೆಯಲ್ಲಿ ಹಿಡಿದಿಟ್ಟಿದ್ದಾಳೆ. ಅವನು ಎಲ್ಲರಿಗಿಂತ ಮೊದಲು ಮರೆತದ್ದು ಅವಳನ್ನು, ಎತ್ತಿ ಬೆಳೆಸಿದ ಅಕ್ಕನನ್ನು. ಅವಳು ಅದನ್ನು ಹೇಳುವುದಿಲ್ಲ. ದೂರದಿಂದ ಬಂದಿದ್ದೀ, ಬಾಯಾರಿರಬೇಕು ಎನ್ನುತ್ತಾಳೆ. ಅವನು ಹಿಡಿಕೆಯಿಂದ ಕೈ ತೆಗೆದು ನೀರಿನ ತಂಬಿಗೆ ಹಿಡಿಯುತ್ತಾನೆ. ಅಷ್ಟೇ.

ಈ ಒಂದು ತಂಬಿಗೆ ನೀರನ್ನು ನೋಡಲು ಯಾರು ಬರುತ್ತಾರೆ ಎಂದು ಕೇಳಿದ್ದನಲ್ಲ ಆ ಕಂಪನಿಯ ಮಾಲಕ! ನಾನು ಬಂದಿದ್ದೆ. ಹಿಟ್ಟಿನ ಕೈಯ ಆ ಹೆಂಗಸೂ ನಿಂತಿದ್ದಳು, ಒಲೆಯ ಮೇಲಿನ ರೊಟ್ಟಿ ಸೀದರೂ ಅಲುಗಿರಲಿಲ್ಲ.

ಸುಗ್ಗಿ ಮುಗಿಯುವ ಮುಂಚೆ ಮಾವಶಿ ಹೋದಳು. ಪುಸ್ತಕ ನನಗೆ ಸೇರಬೇಕೆಂದು ಹೇಳಿದ್ದಳಂತೆ, ತಮ್ಮ ತಂದುಕೊಟ್ಟ. ಈಗ ಆ ನಾಟಕದ ಸೀಡಿ ಬಂದಿದೆ, ರುಂಡ ಇನ್ನೂ ಬೀಳುತ್ತಲೇ ಇದೆ, ದಬ್ಬಣದ ತುರುಬಿಗೆ ಜನ ಇನ್ನೂ ನಗುತ್ತಲೇ ಇದ್ದಾರೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಸುವ ಇರಾದೆಯೂ ಇಲ್ಲ.

ನಿಮಗೆ ನನ್ನದೊಂದು ಬುದ್ಧಿಮಾತು. ಹಳೆ ಕಥೆಪುಸ್ತಕ ಕೊಳ್ಳುವಾಗ ರಟ್ಟು ನೋಡಬೇಡಿ, ಬೆನ್ನು ನೋಡಿ. ಹಾಳೆ ಕಿತ್ತಿದ್ದರೆ ತೂತು ಹೇಳುತ್ತದೆ. ನಾಟಕವೋ ಸೀಡಿಯೋ ಮೆಚ್ಚುಗೆಯಾದರೆ ಸಂತೋಷ, ಆದರೆ ಅದರ ಮೂಲ ಯಾವ ಓಣಿಯಲ್ಲಿದೆ ಎಂದು ಒಮ್ಮೆ ಕೇಳಿ. ನನ್ನ ಅಂಗಡಿಗೆ ಬಂದರೆ ಈ ಪುಸ್ತಕವನ್ನು ಬೆಂಚಿನ ಮೇಲೆ ಕೂತು ಓದಲು ಕೊಡುತ್ತೇನೆ, ಬಾಡಿಗೆ ಇಲ್ಲ. ಹೊಸ್ತಿಲ ತನಕ ಓದಿ, ಅಲ್ಲಿ ನಿಲ್ಲಿಸಿ, ನನ್ನ ಕಡೆ ನೋಡಿ. ಮತ್ತು ನಿಮ್ಮ ಕೈಯಲ್ಲಿ ಯಾವುದಾದರೂ ಕಥೆಯ ಕೊನೆ ಉಳಿದಿದ್ದರೆ, ಕೇಳಿದವರಿಗೆಲ್ಲ ಕೊಟ್ಟುಬಿಡಬೇಡಿ. ಮೊದಲು ಅವರಿಂದ ಕಥೆ ಹೇಳಿಸಿ.