ಐದನೆಯ ಗೇರಿಗೆ ನನ್ನ ಅಸಮ್ಮತಿ

ನಮ್ಮ ಮನೆಯ ಲಾರಿಗೆ ಮೂತಿಯಿದೆ. ಈಗಿನ ಲಾರಿಗಳಂತೆ ಗೋಡೆಗೆ ಗುದ್ದಿಕೊಂಡು ಬಂದ ಚಪ್ಪಟೆ ಮುಖವಲ್ಲ. ಡ್ರೈವರ್ ಸೀಟಿನ ಮುಂದೆ, ತನ್ನದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಇಂಜಿನ್ನು ಮನೆಯ ಹಿರಿಯರ ಹಾಗೆ ಕೂತಿರುತ್ತದೆ. ಅಪ್ಪ ಕೊಂಡ ಲಾರಿ. ಅದನ್ನು ಓಡಿಸಲು ನನಗೆ ಕಲಿಸಿದವರೂ ಅವರೇ, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ. "ಇಲ್ಲಿ ಗುದ್ದೋದಕ್ಕೆ ಏನೂ ಇಲ್ಲ ಕಣಮ್ಮ, ಆಕಾಶ ಒಂದು ಬಿಟ್ರೆ" ಎಂದು ಧೈರ್ಯ ತುಂಬಿದ್ದರು. ಈಗ ನನಗೆ ಅರವತ್ತು ದಾಟಿದೆ, ಲಾರಿಗೆ ನನಗಿಂತ ಸ್ವಲ್ಪ ಕಡಿಮೆ. ನಮ್ಮಿಬ್ಬರಲ್ಲಿ ಮೊದಲು ಕೈಕೊಟ್ಟದ್ದು ಅದರ ಇಂಜಿನ್ನು. ಈ ವಿಷಯವನ್ನು ನಾನು ನೆಂಟರ ಮುಂದೆ ಹೆಮ್ಮೆಯಿಂದಲೇ ಹೇಳುತ್ತೇನೆ.

ಪೆಟ್ರೋಲ್ ಇಂಜಿನ್ನಿನ ಬ್ಲಾಕು ಬಿರುಕು ಬಿಟ್ಟಿತು. ರಿಪೇರಿ ಆಗುವುದಿಲ್ಲ ಎಂದು ಚಿಂತಾಮಣಿಯ ನಮ್ಮ ಮೆಕ್ಯಾನಿಕ್ ಭಾಯಿ ತೀರ್ಪು ಕೊಟ್ಟರು. ಗುಜರಿಗೆ ಬಂದ ಚಿಕ್ಕ ಲಾರಿಯೊಂದರ ಡೀಸೆಲ್ ಇಂಜಿನ್ನನ್ನು ಅವರೇ ಹುಡುಕಿಯೂ ಇಟ್ಟರು. ಅದನ್ನು ಹಾಕಿಕೊಳ್ಳಲು ಚಿಕ್ಕಬಳ್ಳಾಪುರದ ಆರ್‌ಟಿಒ ಕಚೇರಿಯಲ್ಲಿ ಒಪ್ಪಿಗೆಯೂ ದೊರೆಯಿತು. ಅಲ್ಲಿಗೆ ಸರ್ಕಾರದ ಕಡೆಯ ವಿಘ್ನಗಳು ಮುಗಿದವು. ಮನೆಯ ಕಡೆಯವು ಶುರುವಾದವು.

ವಿಘ್ನದ ಮೂಲ ಇಷ್ಟೇ. ಆ ಡೀಸೆಲ್ ಇಂಜಿನ್ನು ಒಂಟಿಯಾಗಿ ಬಂದಿರಲಿಲ್ಲ. ಬೆನ್ನಿಗೆ ಅಂಟಿಕೊಂಡು ಅದರದೇ ಐದು ಗೇರಿನ ಬಾಕ್ಸು ಬಂದಿತ್ತು. ನಮ್ಮ ಲಾರಿಯದು ನಾಲ್ಕು ಗೇರಿನ ಹಳೆಯ ಬಾಕ್ಸು, ಅದಕ್ಕೇನೂ ಆಗಿರಲಿಲ್ಲ. ಅದರಲ್ಲಿ ಪ್ರತಿ ಸಲ ಗೇರು ಬದಲಿಸುವಾಗಲೂ ಕ್ಲಚ್ಚನ್ನು ಎರಡೆರಡು ಬಾರಿ ಒತ್ತಬೇಕು: ಇದ್ದ ಗೇರಿನಿಂದ ಬಿಡಿಸಿಕೊಳ್ಳಲು ಒಮ್ಮೆ, ಹೊಸದಕ್ಕೆ ಸೇರಲು ಇನ್ನೊಮ್ಮೆ. ನಡುವೆ ಕಿವಿಗೊಟ್ಟು ಇಂಜಿನ್ನಿನ ಸ್ವರವನ್ನು ಹೊಂದಿಸಬೇಕು. ತಪ್ಪಿದರೆ ಹಲ್ಲು ಕಡಿಯುವ ಸದ್ದು ಮೂರು ಹೊಲದಾಚೆ ಕೇಳಿಸುತ್ತದೆ, ಸಂಜೆಯೊಳಗೆ ಊರೆಲ್ಲ ವಿಚಾರಿಸುತ್ತದೆ. ಈಗಿನ ಡ್ರೈವರುಗಳಿಗೆ ಈ ವಿದ್ಯೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ನಮ್ಮ ಸುತ್ತಮುತ್ತ ಅದನ್ನು ಓಡಿಸುವವಳು ನಾನೊಬ್ಬಳೇ.

ನನ್ನ ತಮ್ಮನ ಆಕ್ಷೇಪಣೆ ಇದ್ದದ್ದೂ ಅಲ್ಲೇ. ಅವನು ಗೌರಿಬಿದನೂರಿನಲ್ಲಿ ನೌಕರಿಯಲ್ಲಿದ್ದಾನೆ. ಲಾರಿಯಲ್ಲಿ ಅವನದು ಅರ್ಧ ಪಾಲು, ಅಭಿಪ್ರಾಯದಲ್ಲಿ ಮುಕ್ಕಾಲು. ಮಂಚೇನಹಳ್ಳಿ ಕಡೆಯ ಒಬ್ಬ ಡ್ರೈವರನ್ನು ಆಗಲೇ ಮಾತಾಡಿಸಿ ಇಟ್ಟಿದ್ದ. ಆ ಮಹಾಶಯನ ಷರತ್ತು ಒಂದೇ: ಗೇರು ಈಗಿನ ಕಾಲದ್ದಾಗಿರಬೇಕು. ಅಂದರೆ ಐದು ಗೇರು ಕೂತರೆ ಸೀಟು ಅವನದು, ನಾಲ್ಕು ಉಳಿದರೆ ನನ್ನದು. ಮುಂದೆ ತಾಂತ್ರಿಕ ಚರ್ಚೆ ಎಂಬ ಹೆಸರಿನಲ್ಲಿ ನಡೆದದ್ದೆಲ್ಲವೂ ಈ ಒಂದು ಸೀಟಿನ ಸುತ್ತ ಹಾಕಿದ ಪ್ರದಕ್ಷಿಣೆಯೇ.

"ಅಕ್ಕಾ, ಐದು ಗೇರಾದ್ರೆ ಯಾರು ಬೇಕಾದ್ರೂ ಓಡಿಸ್ಬೋದು" ಎಂದ ತಮ್ಮ, ನಮ್ಮ ಜಗಲಿಯ ಮೇಲೆ ಕೂತು.

"ಅದೇ ಕಣಪ್ಪ ನನ್ನ ತಕರಾರು."

"ಹೈವೇಲಿ ಹೋಗ್ಬೋದು."

"ಹೈವೇಲಿ ನಮ್ಮ ತೋಟ ಇಲ್ಲ."

"ಮೆಕ್ಯಾನಿಕ್ಕೂ ಅದೇ ಹೇಳ್ತಾರೆ."

ಮೆಕ್ಯಾನಿಕ್ ಭಾಯಿ ಹೇಳಿದ್ದು ನಿಜ. "ಅಮ್ಮಾ, ಇಂಜಿನ್ನು ಬಾಕ್ಸು ರೆಡಿ ಜೋಡಿ ಬಂದಿದೆ. ಯಾಕೆ ಬೇರೆ ಮಾಡ್ತೀರಾ, ಪಾಪ ತಗಲ್ತದೆ" ಎಂದಿದ್ದರು. ಹಳೆಯ ಬಾಕ್ಸನ್ನು ಹೊಸ ಇಂಜಿನ್ನಿಗೆ ಕೂರಿಸಬೇಕಾದರೆ ನಡುವೆ ದಪ್ಪನೆಯ ಕಬ್ಬಿಣದ ತಟ್ಟೆಯೊಂದು ಬೇಕು. ಅದರ ಒಂದು ಸುತ್ತಿನ ತೂತುಗಳು ಇಂಜಿನ್ನಿಗೆ, ಇನ್ನೊಂದು ಸುತ್ತಿನವು ಬಾಕ್ಸಿಗೆ. ನಡುವೆ ಹಾಯುವ ಶಾಫ್ಟು ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ. ಕ್ಲಚ್ ಪ್ಲೇಟಿನ ಅಗಲ ಇಂಜಿನ್ನಿನ ಅಳತೆಗಿರಬೇಕು, ನಡುವಿನ ಹಲ್ಲು ಬಾಕ್ಸಿನ ಅಳತೆಗೆ. ಇಷ್ಟು ತಲೆನೋವು ಯಾಕೆ ಎಂಬುದು ಅವರ ಪೂರ್ವಪಕ್ಷ. ನನ್ನ ಸಿದ್ಧಾಂತವನ್ನು ಮಂಡಿಸಬೇಕಾದರೆ ನಮ್ಮ ಓಣಿಯನ್ನು ವರ್ಣಿಸಬೇಕಾಗುತ್ತದೆ.

ಮೇಲೂರಿನ ಹತ್ತಿರ ನಮ್ಮದು ಹಿಪ್ಪುನೇರಳೆ ತೋಟ. ಮನೆಯಲ್ಲಿ ರೇಷ್ಮೆ ಹುಳು. ಸೊಪ್ಪು ಕೊಯ್ದು ಗಿಡ ಬೋಳಾದಾಗಲೆಲ್ಲ ಲಾರಿಯಲ್ಲಿ ಗೊಬ್ಬರವನ್ನೋ ಕೆರೆಯ ಗೋಡುಮಣ್ಣನ್ನೋ ತಂದು ಹಾಕುತ್ತೇವೆ. ನಮ್ಮ ತುಂಡಿಗೆ ಹೋಗುವ ಓಣಿಯ ಎರಡೂ ಬದಿಗೆ ಬೇರೆಯವರ ತೋಟಗಳಿವೆ. ಆಳೆತ್ತರ ಬೆಳೆದ ಅವರ ಕಡ್ಡಿಗಳು ಓಣಿಗೆ ಬಾಗಿರುತ್ತವೆ. ಒಂದು ಕಡ್ಡಿ ಮುರಿದರೂ ಅವರ ಹುಳುವಿನ ಅನ್ನಕ್ಕೆ ಕೈ ಹಾಕಿದ ಹಾಗೆ. ಅದಕ್ಕಾಗಿ ಲಾರಿಯ ಮುಂದೆ ಒಬ್ಬರು ನಡೆಯಬೇಕು, ಎಡಗೈಯಲ್ಲಿ ಎಡದ ಕಡ್ಡಿಯನ್ನೂ ಬಲಗೈಯಲ್ಲಿ ಬಲದ ಕಡ್ಡಿಯನ್ನೂ ಸರಿಸುತ್ತ, ದೇವಸ್ಥಾನದ ಪರದೆ ಸರಿಸಿದ ಹಾಗೆ. ನಮ್ಮಲ್ಲಿ ಈ ಕೆಲಸಕ್ಕೆ ಇರುವವಳು ನನ್ನ ಓರಗೆಯ ಹೆಂಗಸು, ತೋಟದ ಕೆಲಸಕ್ಕೆ ಮೊದಲಿನಿಂದಲೂ ಬರುವವಳು. ಹಿಂತಿರುಗಿ ನೋಡುವುದೇ ಇಲ್ಲ. "ಮೆಲ್ಲಗಾ ರಾಮ್ಮಾ, ಮೆಲ್ಲಗಾ" ಎಂದು ತೆಲುಗಿನಲ್ಲಿ ಗೊಣಗುತ್ತ ನಡೆಯುತ್ತಾಳೆ. ಬೆನ್ನಿಗೆ ಒಂದು ಲಾರಿ ಬರುತ್ತಿದೆ, ಅವಳು ಹಿಂತಿರುಗಿ ನೋಡುವುದಿಲ್ಲ. ಆ ನಂಬಿಕೆಗೆ ಕಾರಣ ನಾನಲ್ಲ, ನಮ್ಮ ಹಳೆಯ ಬಾಕ್ಸಿನ ಮೊದಲನೆಯ ಗೇರು. ಅದರಲ್ಲಿ ಹಾಕಿ ಎರಡೂ ಕಾಲು ತೆಗೆದರೆ ಲಾರಿ ಬಸುರಿ ಹೆಂಗಸಿನ ಹಾಗೆ ನಡೆಯುತ್ತದೆ. ಇಂಜಿನ್ನು ನಿಲ್ಲುವುದೂ ಇಲ್ಲ, ಮುಂದಿನವಳನ್ನು ಮುಟ್ಟುವುದೂ ಇಲ್ಲ.

ಐದು ಗೇರಿನ ಬಾಕ್ಸಿನ ಮೊದಲನೆಯದು ಇಷ್ಟು ನಿಧಾನವಲ್ಲ ಎಂದು ತಮ್ಮನಿಗೆ ವಿವರಿಸಿದೆ. "ಹಾಫ್ ಕ್ಲಚ್ಚಲ್ಲಿ ಹಿಡ್ಕೊಂಡ್ರಾಯ್ತು ಬಿಡು" ಎಂದ. ಓಣಿಯುದ್ದಕ್ಕೂ ಹೀಗೆ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಹೋದರೆ ಪ್ಲೇಟು ಸುಟ್ಟ ವಾಸನೆ ತೋಟಕ್ಕೆಲ್ಲ ಅಡರುತ್ತದೆ. ಆದರೆ ಕಾರು ಓಡಿಸುವವರಿಗೆ ವಾಸನೆಯ ವಿಷಯ ತಿಳಿಯದು, ಅವರು ಗಾಜು ಏರಿಸಿಕೊಂಡಿರುತ್ತಾರೆ.

ಗೌರಿಬಿದನೂರಿನಲ್ಲಿ ಕಬ್ಬಿಣ ಕಡೆಯುವ ಲೇತಿನವರಿಗೆ ಅಳತೆ ಕೊಟ್ಟು, ತಟ್ಟೆ ಮಾಡಲು ಹೇಳಿ ಬಂದೆ. ಸಿದ್ಧವಾದ ಮೇಲೆ ತಮ್ಮ ಅದನ್ನು ಚಿಂತಾಮಣಿಗೆ ತಲುಪಿಸಬೇಕೆಂದು ಏರ್ಪಾಡಾಯಿತು. ಅವನು ತಲೆಯಾಡಿಸಿದ. ನನ್ನ ತಮ್ಮ ತಲೆಯಾಡಿಸಿದರೆ ಒಪ್ಪಿದ ಎಂದಲ್ಲ, ಕುತ್ತಿಗೆ ಸರಿಯಾಗಿದೆ ಎಂದಷ್ಟೇ ಅರ್ಥ. ನಾನು ಅದನ್ನು ಗಮನಿಸಬೇಕಿತ್ತು.

ಗಾಡಿ ರೆಡಿ ಎಂದು ಫೋನ್ ಬಂದ ದಿನ ಚಿಂತಾಮಣಿಗೆ ಹೋದೆ. ತಮ್ಮ ನನಗಿಂತ ಮೊದಲೇ ಬಂದು ಟೀ ಕುಡಿಯುತ್ತಿದ್ದ. ಲಾರಿ ಹತ್ತಿ ಕೂತವಳಿಗೆ ಗೇರಿನ ಕೋಲೇ ಅಪರಿಚಿತವಾಗಿತ್ತು. ಅದರ ಗುಂಡಿಯ ಮೇಲೆ ಐದು ಅಂಕಿಗಳು ನಗುತ್ತಿದ್ದವು. ನಮ್ಮ ಹಳೆಯ ಬಾಕ್ಸು ಗ್ಯಾರೇಜಿನ ಮೂಲೆಯಲ್ಲಿ, ಮನೆಯಿಂದ ಹೊರಗೆ ಹಾಕಿದ ಅತ್ತೆಯ ಹಾಗೆ ಕೂತಿತ್ತು.

"ಭಾಯ್, ಇದೇನಿದು?"

"ತಮ್ಮೋರು ಫೋನ್ ಮಾಡಿ ಹೇಳಿದ್ರಲ್ಲಮ್ಮಾ! ಲೇತ್ ಕೆಲಸ ಬೇಡ, ಐದೇ ಹಾಕಿ ಅಂದ್ರು. ಅಕ್ಕ ಒಪ್ಕೊಂಡಿದಾರೆ ಅಂದ್ರು."

ತಮ್ಮ ಟೀ ಲೋಟದೊಳಗೆ ಏನನ್ನೋ ಹುಡುಕತೊಡಗಿದ.

ನಾನು ಕೂಗಾಡಲಿಲ್ಲ. ಅಂಥ ಸಂದರ್ಭಗಳಲ್ಲಿ ಅತಿ ವಿನಯವನ್ನು ತಾಳುವುದು ನಮ್ಮ ಮನೆತನದ ಪದ್ಧತಿ. ಅದಕ್ಕೆ ನೆಂಟರು ಹೆಚ್ಚು ಹೆದರುತ್ತಾರೆ. "ಆಯ್ತಪ್ಪ, ಹಾಕಿಸಿದೀಯ. ಒಂದು ಪರೀಕ್ಷೆ ಮಾಡೋಣ. ಗ್ಯಾರೇಜಿಂದ ಆ ಹುಣಸೇಮರದವರೆಗೆ ನೀನು ಲಾರಿ ಮುಂದೆ ನಡಿ, ಕಡ್ಡಿ ಸರಿಸ್ಕೊಂಡು. ನಾನು ಮೊದಲನೇ ಗೇರಲ್ಲಿ ಹಾಕಿ ಕಾಲು ತೆಗೀತೀನಿ. ಲಾರಿ ನಿನ್ನ ಮುಟ್ಟದಿದ್ರೆ ಐದು ಗೇರೂ ಇರ್ಲಿ, ನಿನ್ನ ಡ್ರೈವರೂ ಬರ್ಲಿ. ಕೀ ಇಲ್ಲೇ ಕೊಟ್ಬಿಡ್ತೀನಿ."

"ಇಲ್ಲಿ ಕಡ್ಡಿ ಎಲ್ಲಿದೆ?"

"ಇದೆ ಅಂದ್ಕೊ. ಗೇರ್ ಬಾಕ್ಸಿಗೆ ನಾನು ಒಪ್ಪಿದೀನಿ ಅಂದ್ಕೊಂಡ್ಯಲ್ಲ, ಹಾಗೇ."

ಮೆಕ್ಯಾನಿಕ್ ಭಾಯಿ ಕೈ ಒರೆಸಿಕೊಂಡು ತೀರ್ಪುಗಾರರ ಸ್ಥಾನದಲ್ಲಿ ನಿಂತರು. ಟೀ ಅಂಗಡಿಯ ಬೆಂಚು ಖಾಲಿಯಾಗಿ ರಸ್ತೆಯಂಚಿಗೆ ಜನ ಬಂದರು. ತಮ್ಮ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಹೊರಟ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿಯನ್ನು ಸರಿಸುತ್ತ, ಯಾರೂ ಕಾಣದ ತೋಟವೊಂದರಲ್ಲಿ ನಡೆದ. ನಾನು ಗೇರು ಹಾಕಿ, ಎರಡೂ ಕಾಲುಗಳನ್ನು ಎತ್ತಿ, ಎಲ್ಲರಿಗೂ ಕಾಣಲೆಂದು ಚಪ್ಪಲಿಗಳನ್ನು ಸೀಟಿನ ಮೇಲೇ ಇಟ್ಟೆ.

ಎರಡು ಮೂರು ಸಲ ಗಾಳಿ ಸರಿಸುವಷ್ಟರಲ್ಲಿ ಅವನ ಹೆಜ್ಜೆ ಬಿರುಸಾಯಿತು. ಆಮೇಲೆ ಕೈ ಬೀಸುವುದು ಬಿಟ್ಟು ಹೋಯಿತು. ಹಿಂತಿರುಗಿ ನೋಡಿದ. ಟೀ ಅಂಗಡಿಯವನು "ಸಾರ್, ಕಡ್ಡಿ! ಕಡ್ಡಿ ಮುರೀತು ನೋಡಿ!" ಎಂದು ಕೂಗಿದ. ಲಾರಿಯ ಮೂತಿ ಬೆನ್ನಿಗೆ ಗೇಣು ದೂರ ಬಂದಾಗ ತಮ್ಮ ನೆಗೆದು ಚರಂಡಿಯ ಆಚೆಗೆ ಹೋಗಿ ನಿಂತ. ನಾನು ಬ್ರೇಕು ಹಾಕಿದೆ.

"ಕಾಲು ತೆಗೆದಾಗಿನ ಸ್ಪೀಡ್ ಜಾಸ್ತಿ ಇಟ್ಟಿದೀನಿ, ಕಮ್ಮಿ ಮಾಡ್ತೀನಿ" ಎಂದು ಭಾಯಿ ಬಾನೆಟ್ ಎತ್ತಿ ತಿರುಪು ತಿರುಗಿಸಿದರು. ಎರಡನೆಯ ಸಲ ಇಂಜಿನ್ನು ಚಳಿಜ್ವರ ಬಂದಂತೆ ನಡುಗಿ, ನಾಲ್ಕು ಮಾರು ನಡೆದು, ಕೆಮ್ಮಿ ಸುಮ್ಮನಾಯಿತು. ಭಾಯಿ ನನ್ನನ್ನೂ ತಮ್ಮನನ್ನೂ ನೋಡಿ, "ಇದು ಬೇರೆ ಕೆಲಸದ ಗೇರಮ್ಮಾ" ಎಂದರು. ತಪ್ಪು ಗೇರಿನದೂ ಅಲ್ಲ, ಅವರದೂ ಅಲ್ಲ ಎಂಬಂಥ ನಾಜೂಕಿನ ತೀರ್ಪು.

ತಮ್ಮ ಮಾತ್ರ ಚರಂಡಿ ದಾಟಿ ಬಂದವನು ನಗಲಿಲ್ಲ. ಕಿಟಕಿಯ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಂತೆ ಹೇಳಿದ: "ಗೇರಿಂದಲ್ಲ ಅಕ್ಕಾ ವಿಷಯ. ಹೋದ ವರ್ಷ ನೀನು ಈ ಸೀಟಿಂದ ಇಳಿಯೋವಾಗ ಬಿದ್ದೆ. ಮೊಣಕಾಲು ಹೆಂಗೆ ಊದಿತ್ತು, ಮರ್ತ್ಯಾ? ಎರಡೆರಡು ಸಲ ಕ್ಲಚ್ ತುಳೀಬೇಕು ಆ ಕಾಲಲ್ಲಿ. ಏನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ಅವನ ಕಣ್ಣು ನೋಡಿದೆ. ಹೆದರಿಕೆ ನಿಜವಾಗಿತ್ತು. ಅದಕ್ಕೇ ಸುಲಭವಾಗಿ ಬಿಟ್ಟುಕೊಡಬಾರದೆನಿಸಿತು. ಸುಳ್ಳು ಹೆದರಿಕೆಯನ್ನು ನಕ್ಕು ತಳ್ಳಬಹುದು, ನಿಜವಾದ ಹೆದರಿಕೆ ಒಮ್ಮೆ ಮನೆಯೊಳಗೆ ಬಂದರೆ ಎಲ್ಲ ಕುರ್ಚಿಗಳಲ್ಲೂ ತಾನೇ ಕೂರುತ್ತದೆ. ಇದೇ ಮೊಣಕಾಲು ಸೊಪ್ಪಿನ ಹೊರೆ ಹೊತ್ತು ಹುಳುವಿನ ಮನೆಯ ಮೆಟ್ಟಿಲನ್ನು ದಿನವೂ ಹತ್ತಿಳಿಯುತ್ತದೆ. ಅದರ ಪರವಾಗಿ ಇದುವರೆಗೆ ಯಾವ ವಕೀಲನೂ ಎದ್ದು ನಿಂತಿರಲಿಲ್ಲ. ಅದು ಕ್ಲಚ್ಚಿನ ಮೇಲೆ ಕಾಲಿಟ್ಟಾಗ ಮಾತ್ರ ಎಲ್ಲರಿಗೂ ಕನಿಕರ.

"ಇಳಿಯೋವಾಗ ಬಿದ್ದೆ ಕಣೋ" ಎಂದೆ. "ಓಡಿಸೋವಾಗ ಅಲ್ಲ. ಅದಕ್ಕೇ ಇಳಿಯಲ್ಲ ಅಂತಿರೋದು."

ಅವನು ಮಡಚಿದ್ದ ಅಂಗಿಯ ತೋಳನ್ನು ಇಳಿಸಿಕೊಂಡ. "ನಿನ್ನಂಥೋಳ ಹತ್ರ ಮಾತಾಡೋಕಾಗಲ್ಲ" ಎಂದ. ನಮ್ಮ ಮನೆಯಲ್ಲಿ ವಾದದಲ್ಲಿ ಸೋತವರು ಹೊರಡಿಸುವ ಅಧಿಕೃತ ಪ್ರಕಟಣೆ ಅದು. ಆಮೇಲೆ ಫೋನು ತೆಗೆದು, ಲೇತಿನವರನ್ನು ಕರೆದು, ನಿಲ್ಲಿಸಿದ್ದ ಕೆಲಸವನ್ನು ಮುಂದುವರಿಸಲು ಹೇಳಿದ. ಭಾಯಿಯ ಕಡೆ ತಿರುಗಿ, "ನಿಮ್ಮ ಜೋಡೀನ ಬೇರೆ ಮಾಡ್ಬೇಕಾಗ್ತದೆ" ಎಂದ.

"ಪಾಪ ನಿಮ್ಮಕ್ಕನ ಮೇಲೆ" ಎಂದರು ಭಾಯಿ.

"ಬರೀಲಿ ದೇವರು, ನನ್ನ ಲೆಕ್ಕಕ್ಕೇ ಬರೀಲಿ" ಎಂದೆ.

ತಟ್ಟೆ ಬಂತು, ಕೂತಿತು. ಹಳೆಯ ಬಾಕ್ಸು ಹೊಸ ಇಂಜಿನ್ನಿನ ಹಿಂದೆ, ಎರಡನೆಯ ಮದುವೆಯಾದವರ ಗಾಂಭೀರ್ಯದಲ್ಲಿ ನೆಲೆಸಿತು. ಮರಳುವ ದಿನ ತಮ್ಮ ರಜೆ ಹಾಕಿ ಬಂದ. ಯಾಕೆಂದು ನಾನು ಕೇಳಲಿಲ್ಲ. ಕ್ಲೀನರ್ ಸೀಟಿನಲ್ಲಿ ಕೂತು, ನಾನು ಗೇರು ಬದಲಿಸಿದಾಗಲೆಲ್ಲ ನನ್ನ ಎಡಗಾಲನ್ನೇ ನೋಡುತ್ತಿದ್ದ. ಎರಡು ಸಲ, ಮತ್ತೆರಡು ಸಲ. ಮೊಣಕಾಲು ನೋಯುತ್ತಿತ್ತು. ನೋಯಲಿ ಎಂದು ಬಿಟ್ಟೆ. ಮುಖಕ್ಕೆ ಮಾತ್ರ ಬರಲು ಬಿಡಲಿಲ್ಲ.

ಡೀಸೆಲ್ಲಿನ ಸ್ವರ ನನಗಿನ್ನೂ ಹೊಸದು. ಮೂರನೆಯದಕ್ಕೆ ಹಾಕುವಾಗ ಒಮ್ಮೆ ಹಲ್ಲು ಕಡಿಯಿತು. ತಮ್ಮ ಏನಾದರೂ ಅಂದಾನೆಂದು ಕಾದೆ. ಅವನು ಕಿಟಕಿಯಾಚೆಯ ಹೊಲ ನೋಡಿದ.

ಶಿಡ್ಲಘಟ್ಟ ಹತ್ತಿರ ಬರುವ ಹೊತ್ತಿಗೆ ನಮ್ಮ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಸೇರಿತ್ತು: ಟೆಂಪೋ, ಎರಡು ಕಾರು, ಬೈಕುಗಳು, ಇವುಗಳ ಹಿಂದೆ ಒಂದು ಬಸ್ಸು. ಎಲ್ಲರೂ ಹಾರನ್ನಿನಲ್ಲೇ ತಮ್ಮ ಜೀವನಚರಿತ್ರೆ ಹೇಳಿಕೊಳ್ಳುತ್ತಿದ್ದರು. ರಸ್ತೆ ಅಗಲವಾದಲ್ಲಿ ಬಸ್ಸು ಮುನ್ನುಗ್ಗಿ ನಮ್ಮ ಸರಿಸಮಕ್ಕೆ ಬಂತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು ಒಳಗೆ ಬಗ್ಗಿ ನೋಡಿ ಕೂಗಿದ: "ಏನಜ್ಜೀ, ಗಾಡೀಗೆ ಡ್ರೈವರ್ ಸಿಗ್ಲಿಲ್ವಾ?"

ನಾನು ಉತ್ತರವನ್ನು ಹುಡುಕುತ್ತಿದ್ದೆ, ಒಳ್ಳೆಯದೇ ಒಂದು ಬರುತ್ತಿತ್ತು. ಅಷ್ಟರಲ್ಲಿ ತಮ್ಮ ನನ್ನ ಮುಂದೆ ಬಾಗಿ, ಕಿಟಕಿಗೆ ಬಾಯಿಟ್ಟು ಅರಚಿದ: "ಕೂತಿದಾರಲ್ಲೋ, ಕಣ್ಣು ಕಾಣ್ಸಲ್ವಾ ನಿಂಗೆ! ಇವರಿಗಿಂತ ಡ್ರೈವರ್ ಬೇಕಾ?"

ಆಮೇಲೆ ತಾನೇ ಬೆಚ್ಚಿದವನಂತೆ ಹಿಂದಕ್ಕೆ ಒರಗಿ, ಅಂಗಿ ಸರಿಮಾಡಿಕೊಂಡ. "ಬಸ್ಸಿಗೆ ದಾರಿ ಕೊಡು ಅಕ್ಕಾ" ಎಂದ.

ಕೊಟ್ಟೆ. ನಿಧಾನವಾಗಿ ಕೊಟ್ಟೆ.